ಮೊಣಕಾಲು ಮತ್ತು ಮಣ್ಣು

ಸವೆದ ಮೊಣಕಾಲಿನ ಕೀಲನ್ನು ತೆಗೆದು, ಅದರ ಸ್ಥಾನದಲ್ಲಿ ಮಿಶ್ರಲೋಹದ ಭಾಗಗಳನ್ನೂ ಅವುಗಳ ನಡುವೆ ಪಾಲಿಎಥಿಲೀನಿನ ನುಣುಪಾದ ಫಲಕವನ್ನೂ ಕೂಡಿಸುವ ಶಸ್ತ್ರವಿದ್ಯೆಯು, 1970ರ ದಶಕದಲ್ಲಿ ಬಹುಮಟ್ಟಿಗೆ ಇಂದಿನ ರೂಪವನ್ನು ತಳೆದಂದಿನಿಂದ, ನಡಿಗೆಯೇ ದುಸ್ತರವಾಗಿದ್ದ ಅಸಂಖ್ಯ ವೃದ್ಧರಿಗೆ ಅಂಗಳದ ಹಾದಿಯನ್ನು ಮರಳಿ ತೋರಿಸಿದೆ. ಆದರೆ ಆ ಅಂಗಳದಲ್ಲಿ ಮಲ್ಲಿಗೆಯ ಪಾತಿಯು ಕಳೆ ತುಂಬಿ ನಿಂತಿರುವಾಗ, ಗಾಯವು ಸಂಪೂರ್ಣವಾಗಿ ಮಾಯುವ ಮುನ್ನ ಮಣ್ಣಿನ ಸಂಪರ್ಕವು ಸೋಂಕಿಗೆ ಎಡೆಗೊಡಬಹುದೆಂದೂ, ತೊಡೆಯ ಸ್ನಾಯುಗಳು ಬಲಗೊಳ್ಳಲು ತಿಂಗಳುಗಳೇ ಬೇಕೆಂದೂ ಅರಿತು, ಕೈಕಟ್ಟಿ ಕುಳಿತಿರುವುದು ಎಂತಹ ಕಠಿನ ತಪಸ್ಸು!

ಪಾತಿಯ ಕೆಲಸಕ್ಕೆ ಮರಳಿದ ಮೇಲೂ ಹಳೆಯ ಪರಿ ಸಲ್ಲದು. ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳುವ ರೂಢಿಯನ್ನು ತೊರೆದು, ನೀಳವಾದ ಹಿಡಿಯ ಸಲಕರಣೆಗಳನ್ನೂ ಎತ್ತರದ ಪೀಠವನ್ನೂ ಆಶ್ರಯಿಸಬೇಕು. ಮೊಣಕಾಲೂರುವುದು ಅನಿವಾರ್ಯವಾದರೆ, ವೈದ್ಯರ ಅನುಮತಿಯನ್ನು ಪಡೆದು ಮೆತ್ತೆಯ ಮೇಲೆಯೇ ಊರಬೇಕು. ನಿಂತೇ ನೀರೆರೆಯಬಹುದಾದ ತುಳಸಿಕಟ್ಟೆಯ ಮಾದರಿಯಲ್ಲಿ, ಮೆಂತೆ, ಬದನೆ, ಸೇವಂತಿಗೆಗಳಿಗೂ ಸೊಂಟದೆತ್ತರದ ಮಡಿಗಳನ್ನು ಕಟ್ಟಿಕೊಳ್ಳಬೇಕು. ಒಂದು ಮಡಿಯ ಕೆಲಸ ಮುಗಿಯಿತೆಂದರೆ ಆ ದಿನಕ್ಕೆ ಅಷ್ಟೇ ಸಾಕೆನ್ನುವ ಸಂಯಮವೂ ಬೇಕು.

ದೇಹವು ಬಾಗಲಾರದಾದಾಗ ಭೂಮಿಯನ್ನೇ ತುಸು ಎತ್ತರಿಸಿಕೊಂಡು ತನ್ನ ಕಾಯಕವನ್ನು ಮುಂದುವರಿಸುವವನು, ವಾರ್ಧಕ್ಯದೊಡನೆ ಗೌರವಯುತವಾದ ಒಪ್ಪಂದವನ್ನು ಮಾಡಿಕೊಂಡವನು.