ಡೈರಿ ಅಂಗಳಕ್ಕೆ ಬಸವನಪಾದ
(ಬೆಳ್ಳಿಹಬ್ಬದ ಸಭೆಯಲ್ಲಿ ಆಡಿದ ಮಾತು)



ಇಪ್ಪತ್ತೈದು ವರ್ಷದ ವರದಿಯನ್ನು ಕಾರ್ಯದರ್ಶಿಗಳು ಓದಿದ್ದಾರೆ. ನಾವು ಒಂದು ಮರದ ವಿಚಾರ ಮಾತ್ರ ಹೇಳುತ್ತೇವೆ.

ಹಿಂದೊಮ್ಮೆ ಇದೇ ಅಂಗಳದಲ್ಲಿ ಇಪ್ಪತ್ತು ಸಸಿ ನೆಟ್ಟೆವು. ಫೋಟೋ ತೆಗೆಸಿಕೊಂಡು ಮನೆಗೆ ಹೋದೆವು. ಯುಗಾದಿ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಅರ್ಧ ಮೇಕೆ ಮೇಯ್ದವು, ಅರ್ಧ ಒಣಗಿದವು. ಸಂಘದ್ದು ಅಂದರೆ ಯಾರದ್ದೂ ಅಲ್ಲ ಅಂತ ಎಲ್ಲರೂ ಸುಮ್ಮನಾದರು. ನಿರ್ದೇಶಕರಾದ ನಾವೂ ಸುಮ್ಮನೆ ಇದ್ದೆವು. ಆ ತಪ್ಪನ್ನು ಒಪ್ಪಿಕೊಂಡೇ ಈ ಮಾತು ಎತ್ತಿದ್ದೇವೆ.

ಈ ಸಲ ಬಸವನಪಾದ ಹಾಕೋಣ. ಅದರ ಎಲೆ ತುದಿಯಲ್ಲಿ ಎರಡಾಗಿ ಸೀಳಿ ದನದ ಗೊರಸಿನ ಹಾಗೇ ಇರುತ್ತೆ. ಸಸ್ಯಶಾಸ್ತ್ರದವರು ಈ ಕುಲಕ್ಕೆ ‘ಬೌಹಿನಿಯ’ ಎಂದು ಹೆಸರಿಟ್ಟದ್ದು ಬೌಹಿನ್ ಎಂಬ ಇಬ್ಬರು ಅಣ್ಣತಮ್ಮಂದಿರ ನೆನಪಿಗೆ. ಹೋಳು ಎರಡು, ಬುಡ ಒಂದೇ. ಸಹಕಾರ ಅಂದರೂ ಅದೇ ತಾನೆ!

‘ಹೂವಿನ ಮರ ಹಾಲು ಕೊಡುತ್ತದೆಯೇ?’ ಎಂದು ಕೆಲವರು ಕೇಳಿದರು. ಕೊಡೋದಿಲ್ಲ. ಆದರೆ ಸಂಜೆ ಬಿಸಿಲಲ್ಲಿ ಕ್ಯಾನು ಹಿಡಿದು ಸಾಲು ನಿಲ್ಲುವ ಹೆಣ್ಣುಮಕ್ಕಳಿಗೆ ನೆರಳಾದೀತು. ಸವರಿದ ಸೊಪ್ಪನ್ನು ದನ, ಮೇಕೆ ತಿನ್ನುತ್ತವೆ. ಹೂವಿಗೆ ಜೇನು ಬರುತ್ತೆ. ನೇರಳೆಗೆಂಪು ಬಣ್ಣದ ಬಸವನಪಾದ ಮಳೆಗಾಲ ಕಳೆದ ಮೇಲೆ, ದೀಪಾವಳಿ ಆಸುಪಾಸಿನಲ್ಲಿ ಹೂ ಬಿಡುತ್ತದೆ. ಅದರ ಬಳಗದ್ದೇ ಆದ ಕೆಂಪು ಮಂದಾರ ಶಿವರಾತ್ರಿ ಸುಮಾರಿಗೆ ಎಲೆ ಉದುರಿಸಿ ಮೈತುಂಬ ಹೂವಾಗುತ್ತದೆ. ಎರಡನ್ನೂ ಬೆರೆಸಿ ನೆಟ್ಟರೆ ಅಂಗಳದಲ್ಲಿ ವರ್ಷಕ್ಕೆ ಎರಡು ಸಲ ಹೂವು.

ಬೆಳೆಸೋದು ಕಷ್ಟವಲ್ಲ. ಒಣಗಿದ ಕಾಯಿ ಸಿಡಿಯುವ ಮುಂಚೆ ಕಿತ್ತು ಬೀಜ ತೆಗೆದು, ಒಂದು ರಾತ್ರಿ ನೆನೆಸಿ, ಪ್ಲಾಸ್ಟಿಕ್ ಚೀಲದ ಮಣ್ಣಿಗೆ ಊರಬೇಕು. ಮೊಣಕಾಲುದ್ದ ಆದ ಸಸಿಯನ್ನು ಮುಂಗಾರಿನಲ್ಲಿ ನೆಡಬೇಕು. ಎರಡು ಅಡಿ ಗುಂಡಿ, ಅದಕ್ಕೆ ಕೊಟ್ಟಿಗೆ ಗೊಬ್ಬರ, ಗಿಡದಿಂದ ಗಿಡಕ್ಕೆ 15 ಅಡಿ. ಒಳ್ಳೆ ಬಿಸಿಲು ಬೀಳಬೇಕು, ನೀರು ನಿಲ್ಲಬಾರದು. ಕ್ಯಾನು ತೊಳೆದ ನೀರು ಹರಿಯುವ ಮೂಲೆ ಬೇಡ. ಕರೆಂಟು ತಂತಿ ಕೆಳಗೂ ಬೇಡ, ಮರ 20–30 ಅಡಿ ಏರುತ್ತದೆ. ಊರುಗೋಲು ಕೊಟ್ಟು ಸಡಿಲವಾಗಿ ಕಟ್ಟಿ, ಸುತ್ತ ಜಾಲಿಮುಳ್ಳು ಹಾಕಬೇಕು. ಹೂವು ಮುಗಿದ ಮೇಲೆ ಕೊಂಬೆ ಸವರಬೇಕು. ಎರಡು ಬೇಸಿಗೆ ನೀರು ಹಾಕಿ ಉಳಿಸಿಕೊಂಡರೆ ಸಾಕು, ಆಮೇಲೆ ಅದೇ ನಮ್ಮನ್ನು ನೋಡಿಕೊಳ್ಳುತ್ತದೆ.

ಆ ಎರಡು ಬೇಸಿಗೆಯದೇ ಪ್ರಶ್ನೆ. ಇಪ್ಪತ್ತು ಬೇಡ, ಹತ್ತೇ ಸಸಿ ಸಾಕು. ಗಿಡಕ್ಕೊಂದು ಮನೆ ಗೊತ್ತುಮಾಡಿ, ಬೇಲಿಗೆ ಆ ಮನೆಯ ಸದಸ್ಯತ್ವದ ನಂಬರು ಬರೆದ ತಗಡು ಕಟ್ಟೋಣ. ದಿನಕ್ಕೆ ಎರಡು ಹೊತ್ತು ಹಾಲು ಹಾಕಲು ಬಂದೇ ಬರುತ್ತೇವೆ. ಬರುವಾಗ ಒಂದು ಬಿಂದಿಗೆ ನೀರು ತಂದರೆ ಭಾರವೇನಲ್ಲ. ಮೊದಲನೇ ಗಿಡಕ್ಕೆ ನಮ್ಮ ಮನೆ ನಂಬರೇ ಇರಲಿ. ಅದು ಒಣಗಿದರೆ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ನಮ್ಮನ್ನೇ ಕೇಳಿ.