ಗಾಳಿಯನ್ನು ಅಳೆದು ಕೊಳ್ಳಿರಿ

(ಮುಂಬಯಿಯಲ್ಲಿ ನಡೆದ ನಮ್ಮ ಸಂಘದ ತಿಂಗಳ ಸಭೆಯಲ್ಲಿ ಸಂಘಟಕರೊಬ್ಬರು ಮಾಡಿದ ಭಾಷಣ)



ಭಾಷಣ ಮಾಡುವಷ್ಟು ಓದಿದವನು ನಾನಲ್ಲ. ಊರಿನಲ್ಲಿ ಏಳನೆಯ ತರಗತಿ ಮುಗಿಸಿ ಈ ಪಟ್ಟಣಕ್ಕೆ ಬಂದೆ. ಹೋಟೆಲಿನಲ್ಲಿ ಲೋಟ ತೊಳೆದು, ಮೇಜು ಒರಸಿ, ಕಡೆಗೆ ಸಪ್ಲೈಯರನಾಗಿ ಹದಿನಾಲ್ಕು ವರ್ಷ ಕಳೆದೆ. ಸಂಘದ ಕೆಲಸಕ್ಕೆ ಬಿದ್ದ ಮೇಲೆ ನಾಲ್ಕು ಜನರ ಮುಂದೆ ನಿಂತು ಮಾತಾಡಲು ಕಲಿತೆ. ಇಂದು ನಾನು ಸಂಬಳದ ಮಾತನ್ನಾಗಲಿ ರಜೆಯ ಮಾತನ್ನಾಗಲಿ ಎತ್ತುವುದಿಲ್ಲ. ಏರ್ ಕಂಪ್ರೆಸರ್ ಎಂಬ ಯಂತ್ರದ ವಿಷಯ ಹೇಳುತ್ತೇನೆ. ಇದಕ್ಕೂ ಸಂಘಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಆ ಯಂತ್ರಕ್ಕಾಗಿ ನಮ್ಮ ಇಬ್ಬರು ಸದಸ್ಯರು ತೆಗೆದ ಸಾಲಕ್ಕೆ ಜಾಮೀನು ನಿಂತವನು ನಾನು. ಅವರಿಗೆ ತಪ್ಪು ಯಂತ್ರವನ್ನು ಆರಿಸಿಕೊಟ್ಟವನೂ ನಾನೇ.

2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಬಂದು ಹೋಟೆಲುಗಳ ಬಾಗಿಲು ಮುಚ್ಚಿದುದು ನಿಮಗೆಲ್ಲ ಗೊತ್ತು. ಊರಿಗೆ ಹೋದವರಲ್ಲಿ ಕೆಲವರು ಮರಳಿ ಬರುವಾಗ ಕೆಲಸ ಉಳಿದಿರಲಿಲ್ಲ. ಅಂಥ ಇಬ್ಬರು ಹುಡುಗರು ಒಬ್ಬ ಬಡಗಿಯ ಕೈಕೆಳಗೆ ಎರಡು ವರ್ಷ ಪಳಗಿ, ತಾವೇ ಕಪಾಟು, ಮೇಜು ಮಾಡುವ ಧೈರ್ಯಕ್ಕೆ ಬಂದರು. ಮೊಳೆ ಹೊಡೆಯುವ ಗನ್ನು, ಮರ ಉಜ್ಜುವ ಸ್ಯಾಂಡರು, ಎರಡನ್ನೂ ಗಾಳಿಯಿಂದಲೇ ನಡೆಸುವುದೆಂದು ನಿಶ್ಚಯವಾಯಿತು. “ಅಣ್ಣಾ, ನಿಮಗೆ ವ್ಯವಹಾರ ಗೊತ್ತು, ನೀವೇ ಬನ್ನಿ” ಎಂದು ನನ್ನನ್ನು ಅಂಗಡಿಗೆ ಕರೆದೊಯ್ದರು.

ಅಂಗಡಿಯವನು ಒಂದು ಯಂತ್ರದ ಬೆನ್ನು ತಟ್ಟಿ, “ಎರಡು ಎಚ್.ಪಿ., ಐವತ್ತು ಲೀಟರ್ ಟಾಂಕಿ, ಏಳು ಸಿ.ಎಫ್.ಎಂ.” ಎಂದ. ಟಾಂಕಿ ದೊಡ್ಡದಾಗಿ ಕಂಡಿತು. ನಾನು ಚೌಕಾಸಿ ಮಾಡಿ ಬೆಲೆ ಇಳಿಸಿದೆ, ಗೆದ್ದೆನೆಂದು ಹಿಗ್ಗಿದೆ.

ಕೆಲಸ ಶುರುವಾದ ಮೊದಲ ವಾರವೇ ಬಣ್ಣ ಬಯಲಾಯಿತು. ಮೊಳೆ ಗನ್ನು ಚೆನ್ನಾಗಿ ನಡೆಯಿತು. ಸ್ಯಾಂಡರು ಮಾತ್ರ ಸ್ವಲ್ಪ ಹೊತ್ತು ರಭಸದಿಂದ ತಿರುಗಿ, ಆಮೇಲೆ ಮುದುಕನಂತೆ ಏದುಸಿರು ಬಿಡತೊಡಗಿತು. ಒತ್ತಡ ತುಂಬಲೆಂದು ಮೋಟಾರು ಬಿಡುವಿಲ್ಲದೆ ಓಡಿ, ಮುಟ್ಟಿದರೆ ಕೈ ಸುಡುವಂತಾಯಿತು. ಮೂರನೆಯ ತಿಂಗಳಲ್ಲಿ ಅದು ಸುಟ್ಟೇ ಹೋಯಿತು. ಹಿಡಿದ ಕೆಲಸ ಕೈಬಿಟ್ಟಿತು. ಸಾಲದ ಕಂತು ಬಿಡಲಿಲ್ಲ.

ಆಮೇಲೆ ನಾನು ಮೆಕ್ಯಾನಿಕ್ಕುಗಳ ಹತ್ತಿರ ಕುಳಿತು, ಕೇಳಿ ಕೇಳಿ ತಿಳಿದದ್ದನ್ನು ಹೇಳುತ್ತೇನೆ.

ಟಾಂಕಿ ಗಾಳಿಯನ್ನು ಹುಟ್ಟಿಸುವುದಿಲ್ಲ, ಕೂಡಿಡುತ್ತದೆ ಅಷ್ಟೆ. ನಮ್ಮ ಚಾಳಿನಲ್ಲಿ ಬೆಳಿಗ್ಗೆ ನಲ್ಲಿ ಸಣ್ಣಗೆ ಬಂದರೆ ಪೀಪಾಯಿ ಎಷ್ಟು ದೊಡ್ಡದಿದ್ದರೇನು? ಎರಡು ಮನೆಯವರು ತುಂಬಿಕೊಳ್ಳುವಷ್ಟರಲ್ಲಿ ತಳ ಕಾಣುತ್ತದೆ. ನೋಡಬೇಕಾದದ್ದು ನಲ್ಲಿಯ ಧಾರೆಯನ್ನು. ಕಂಪ್ರೆಸರಿನಲ್ಲಿ ಆ ಧಾರೆಯ ಅಳತೆಯೇ ಸಿ.ಎಫ್.ಎಂ., ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಂಬ ಲೆಕ್ಕ. ಒಂದು ಘನ ಅಡಿಯೆಂದರೆ 28.3 ಲೀಟರು.

ಈ ಸಿ.ಎಫ್.ಎಂ. ಎಂಬುದರಲ್ಲೂ ಎರಡು ಬಗೆಯುಂಟು. ಪಂಪು ಒಳಗೆಳೆದುಕೊಳ್ಳುವ ಲೆಕ್ಕ ಒಂದು, 90 ಪಿ.ಎಸ್.ಐ. ಒತ್ತಡದಲ್ಲಿ, ಎಂದರೆ ಸುಮಾರು 6.2 ಬಾರ್‌ನಲ್ಲಿ, ನಿಜವಾಗಿ ಹೊರಗೆ ಕೊಡುವ ಲೆಕ್ಕ ಇನ್ನೊಂದು. ಎರಡನೆಯದು ಸಾಮಾನ್ಯವಾಗಿ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಕಡಿಮೆ. ಚಿಕ್ಕ ಯಂತ್ರಗಳಲ್ಲಿ ಇನ್ನೂ ಕಡಿಮೆಯಾಗುವುದುಂಟು. ಅಂಗಡಿಯ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿರುವುದು ಮೊದಲನೆಯದು. ನಮಗೆ ಬೇಕಾದದ್ದು ಎರಡನೆಯದು. ಒಳ್ಳೆಯ ಯಂತ್ರ ಒಂದು ಎಚ್.ಪಿ.ಗೆ ಈ ಒತ್ತಡದಲ್ಲಿ ಮೂರರಿಂದ ನಾಲ್ಕು ಸಿ.ಎಫ್.ಎಂ. ಕೊಟ್ಟೀತು.

ಇನ್ನು ಉಪಕರಣಗಳ ಹಸಿವು. ಸಣ್ಣ ಮೊಳೆ ಗನ್ನಿಗೆ ಒಂದು ಸಿ.ಎಫ್.ಎಂ. ಕೂಡ ಬೇಡ. ನಟ್ಟು ಬಿಚ್ಚುವ ಅರ್ಧ ಇಂಚಿನ ಇಂಪ್ಯಾಕ್ಟ್ ರೆಂಚಿಗೆ, ಬಿಟ್ಟು ಬಿಟ್ಟು ನಡೆಸಿದರೆ, ನಾಲ್ಕೈದು. ಸ್ಯಾಂಡರಿಗೆ ಎಂಟರಿಂದ ಹನ್ನೆರಡು, ಅದೂ ಎಡೆಬಿಡದೆ. ಬಣ್ಣದ ಸ್ಪ್ರೇ ಗನ್ನುಗಳಲ್ಲಿ ಒಂದೊಂದಕ್ಕೆ ಒಂದೊಂದು ಹಸಿವು; ಪೆಟ್ಟಿಗೆಯ ಮೇಲೆ ಬರೆದಿರುತ್ತದೆ, ಓದಬೇಕು. ಆದುದರಿಂದ ಮೊದಲು ಉಪಕರಣವನ್ನು ಆರಿಸಿರಿ, ಆಮೇಲೆ ಕಂಪ್ರೆಸರು. ಹೆಚ್ಚು ಗಾಳಿ ತಿನ್ನುವ ಉಪಕರಣದ ಅಂಕಿಗೆ ಮೂರನೆಯ ಒಂದು ಭಾಗ ಕೂಡಿಸಿ ಕೊಳ್ಳಿರಿ. ಎರಡು ಉಪಕರಣ ಒಟ್ಟಿಗೆ ನಡೆಯುವುದಿದ್ದರೆ ಎರಡರ ಅಂಕಿಯನ್ನೂ ಕೂಡಿಸಿರಿ.

ಚೀಟಿಯನ್ನು ನಂಬಲಾಗದಿದ್ದರೆ ಒಂದು ಪರೀಕ್ಷೆಯಿದೆ. ಹಾಲಿನವನು ಎಷ್ಟೇ ಆಣೆ ಹಾಕಿದರೂ ಹೋಟೆಲಿನಲ್ಲಿ ನಾವು ಲ್ಯಾಕ್ಟೋಮೀಟರು ಇಳಿಬಿಟ್ಟು ನೋಡುತ್ತಿರಲಿಲ್ಲವೇ? ಇಲ್ಲಿ ಕೈಗಡಿಯಾರ ಸಾಕು. ಹೊರದಾರಿ ಮುಚ್ಚಿ ಯಂತ್ರ ನಡೆಸಿರಿ. ಮುಳ್ಳು 4 ಬಾರ್‌ನಿಂದ 7 ಬಾರ್‌ಗೆ ಏರಲು ಎಷ್ಟು ಹೊತ್ತು ಹಿಡಿಯಿತೆಂದು ನೋಡಿರಿ. ಟಾಂಕಿಯ ಲೀಟರನ್ನು ಏರಿದ ಬಾರ್‌ನಿಂದ ಗುಣಿಸಿ, ಹಿಡಿದ ನಿಮಿಷದಿಂದ ಭಾಗಿಸಿ, ಮತ್ತೆ 28.3ರಿಂದ ಭಾಗಿಸಿರಿ. ನಮ್ಮ ಹುಡುಗರ ಮೋಟಾರಿಗೆ ಹೊಸ ತಂತಿ ಸುತ್ತಿಸಿ ಹೀಗೆ ಅಳೆದೆವು. ಐವತ್ತು ಲೀಟರು, ಮೂರು ಬಾರ್, ಎಂದರೆ 150 ಲೀಟರ್ ಗಾಳಿ. ಹಿಡಿದದ್ದು 75 ಸೆಕೆಂಡು. ನಿಮಿಷಕ್ಕೆ 120 ಲೀಟರ್, ಸಿ.ಎಫ್.ಎಂ. ಲೆಕ್ಕದಲ್ಲಿ ನಾಲ್ಕೂಕಾಲಿಗಿಂತ ಒಂದು ಕೂದಲೆಳೆ ಕಡಿಮೆ. ಏಳನೆಯ ತರಗತಿಯ ಗಣಿತ ಇದು. ಕೊಳ್ಳುವ ದಿನ ಅಂಗಡಿಯಲ್ಲಿಯೇ ಮಾಡಿದ್ದರೆ ಒಂದು ಮೋಟಾರು ಉಳಿಯುತ್ತಿತ್ತು.

ಇನ್ನೂ ಕೆಲವು ಮಾತುಗಳಿವೆ. ಯಂತ್ರಕ್ಕೂ ವಿಶ್ರಾಂತಿ ಬೇಕು. ಹತ್ತು ನಿಮಿಷದಲ್ಲಿ ಐದು ನಿಮಿಷ ಮಾತ್ರ ಓಡುವಂತೆ ಮಾಡಿದ್ದನ್ನು ಹತ್ತೂ ನಿಮಿಷ ಓಡಿಸಿದರೆ ಅದು ಸಾಯುತ್ತದೆ. ಮನುಷ್ಯನ ಸಂಗತಿಯೂ ಅದೇ ಎಂದು ಸಂಘದವನಾದ ನಾನು ಬೇರೆ ಹೇಳಬೇಕಿಲ್ಲ. ಎಣ್ಣೆ ಬೇಡದ ಯಂತ್ರ ಹಗುರ, ಆರೈಕೆ ಕಡಿಮೆ. ಆದರೆ ಸಾಮಾನ್ಯವಾಗಿ ಗದ್ದಲ ಹೆಚ್ಚು, ಆಯುಷ್ಯ ಕಡಿಮೆ. ಎಣ್ಣೆ ಹಾಕುವ, ಬೆಲ್ಟಿನಿಂದ ತಿರುಗುವ ಯಂತ್ರ ಭಾರವಾದರೂ ದಿನದ ದುಡಿಮೆಗೆ ಬಾಳುತ್ತದೆ. ಅದರಿಂದ ಬಣ್ಣ ಹೊಡೆಯುವುದಾದರೆ ನೀರನ್ನೂ ಎಣ್ಣೆಯನ್ನೂ ತಡೆಯುವ ಫಿಲ್ಟರು ಇರಲೇಬೇಕು. ಗಾಲಾದೊಳಗೆ ಸಣ್ಣ ವಯರನ್ನು ಉದ್ದಕ್ಕೆ ಎಳೆಯಬೇಡಿರಿ. ಅರ್ಥಿಂಗ್ ಇರುವ 16 ಆಂಪಿಯರ್ ಸಾಕೆಟ್ಟಿನ ಬಳಿ ಯಂತ್ರವಿಟ್ಟು ಗಾಳಿಯ ಪೈಪನ್ನು ಉದ್ದ ಮಾಡಿರಿ. ನೆರೆಯವರನ್ನೂ ನೆನೆಯಿರಿ: 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ಲೇ ಮಿತಿ.

ಒತ್ತಿದ ಗಾಳಿ ಆಟದ ವಸ್ತುವಲ್ಲ. 2001ರಲ್ಲಿ ಮುಚ್ಚಿದ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುವ ಯಂತ್ರಗಳನ್ನು ನಡೆಸಿದ್ದು ಇದೇ ಗಾಳಿ. ಅದನ್ನು ಮೈಮೇಲಿನ ಧೂಳು ಕೊಡವಲು ಹಿಡಿಯಬೇಡಿರಿ. ಕಣ್ಣು ಹೋದೀತು, ಗಾಯದೊಳಗೆ ನುಗ್ಗಿದರೆ ಜೀವವೇ ಹೋದೀತು. ಟಾಂಕಿಯ ತಳದ ನೀರನ್ನು ದಿನವೂ ಬಸಿಯಿರಿ. ಮುಂಬಯಿಯ ಮಳೆಗಾಲದಲ್ಲಿ ಅದು ಹೆಚ್ಚು ಕೂಡುತ್ತದೆ, ಒಳಗಿಂದ ತುಕ್ಕು ತಿನ್ನುತ್ತದೆ. ತುಕ್ಕು ತಿಂದ ಟಾಂಕಿಗೆ ವೆಲ್ಡಿಂಗ್ ತೇಪೆ ಹಾಕಬೇಡಿರಿ. ಸೇಫ್ಟಿ ವಾಲ್ವನ್ನು ಯಾರೂ ಬಿಗಿದು ಕಟ್ಟಕೂಡದು.

ಕಡೆಯದಾಗಿ, ಕಂಪ್ರೆಸರು ನಿಮಗೆ ಬೇಕೇ ಎಂದು ಮೊದಲು ಕೇಳಿಕೊಳ್ಳಿರಿ. ಗಾಳಿ ಒತ್ತುವುದರಲ್ಲಿ ವಿದ್ಯುತ್ತಿನ ರೂಪಾಯಿಗೆ ಹನ್ನೆರಡಾಣೆಗೂ ಹೆಚ್ಚು ಬಿಸಿಯಾಗಿ ಹೋಗುತ್ತದೆ. ಉಜ್ಜುವ ಕೆಲಸ, ತೂತು ಕೊರೆಯುವ ಕೆಲಸ ನೇರವಾಗಿ ಕರೆಂಟಿನ ಉಪಕರಣದಿಂದ ಆಗುತ್ತದೆ. ನಮ್ಮ ಹುಡುಗರು ಈಗ ಹಾಗೆಯೇ ಮಾಡಿದ್ದಾರೆ. ಸ್ಯಾಂಡರು ಕರೆಂಟಿನದು, ಆ ಹಳೆಯ ಕಂಪ್ರೆಸರು ಮೊಳೆ ಗನ್ನಿಗೆ ಮಾತ್ರ, ಅದಕ್ಕೆ ಧಾರಾಳ ಸಾಕು. ಕೆಲಸ ಮತ್ತೆ ಹಿಡಿದಿದೆ. ಐದು ಕಂತು ಬಾಕಿಯಿವೆ. ಮೋಟಾರಿನ ಖರ್ಚಿನಲ್ಲಿ ಅರ್ಧ ನಾನು ಹೊತ್ತೆ.

ನನ್ನದೊಂದು ವಿನಂತಿ. ಸಾಲ ಮಾಡಿ ಯಂತ್ರ ಕೊಳ್ಳುವ ಯಾವ ಸದಸ್ಯರೇ ಆಗಲಿ, ಮುಂಗಡ ಕೊಡುವ ಮೊದಲು ಒಂದು ಭಾನುವಾರ ಕಚೇರಿಗೆ ಬನ್ನಿರಿ. ಕೆಲಸ ಬಲ್ಲವರೊಬ್ಬರನ್ನು ಜೊತೆಗೆ ಕಳಿಸುತ್ತೇವೆ. ಗಡಿಯಾರ ಹಿಡಿದು ನಾನೂ ಬರುತ್ತೇನೆ.