ಬೆಳಗಿನ ಮೊದಲ ಕೆಲಸ



1965ರಲ್ಲಿ ಸೇಲಂ ಜಿಲ್ಲೆಯಿಂದ ಧರ್ಮಪುರಿ ಬೇರೆಯಾಯಿತು. 2004ರಲ್ಲಿ ಹೊಸೂರು ಕೃಷ್ಣಗಿರಿಗೆ ಸೇರಿತು. ಐದು ತರಗತಿಗಳನ್ನು ಇಬ್ಬರೇ ನಡೆಸುವ ಕನ್ನಡ ಶಾಲೆಯ ಪಾಡು ಮಾತ್ರ ಹಾಗೆಯೇ ಉಳಿದಿದೆ. ಹಾಜರಿ, ಮಧ್ಯಾಹ್ನದ ಊಟದ ಲೆಕ್ಕ, ತಮಿಳಿನಲ್ಲಿ ಬಂದ ಸುತ್ತೋಲೆಗೆ ಉತ್ತರ, ಇವೆಲ್ಲ ಒಮ್ಮೆಲೇ ಎದುರು ನಿಂತಾಗ ಉಪಾಧ್ಯಾಯರ ಕೈ ಯಾವುದಕ್ಕೂ ಏಳದು. ಅದನ್ನು ಸೋಮಾರಿತನವೆಂದು ಹಳಿಯುವುದು ಅನ್ಯಾಯ. 2006ರ ತಮಿಳು ಕಲಿಕೆ ಕಾಯಿದೆಯ ಬಳಿಕ, ಕನ್ನಡ ತರಗತಿಯಲ್ಲಿ ಮಕ್ಕಳು ಎಷ್ಟು ಕಾಲ ಉಳಿದಾರು ಎಂಬ ಚಿಂತೆಯೂ ಅದರಲ್ಲಿ ಬೆರೆತಿದೆ. ಆ ಚಿಂತೆಯನ್ನು ಯಾವ ಉಪಾಧ್ಯಾಯರೂ ಒಂದು ಬೆಳಿಗ್ಗೆಯಲ್ಲಿ ನೀಗಲಾರರು. ಆದರೆ ಊಟದ ಲೆಕ್ಕ ಕೊಟ್ಟೊಡನೆ, ಕಡತ ಮುಟ್ಟುವ ಮುನ್ನ, ಓದಲು ತಡವರಿಸುವ ಒಂದು ಮಗುವನ್ನು ಹತ್ತಿರ ಕೂರಿಸಿಕೊಂಡು ನಾಲ್ಕು ಸಾಲು ಓದಿಸಬಲ್ಲರು. ಉಳಿದವರಿಗೆ ಆ ಹೊತ್ತು ಕಾಪಿ ಬರಹ ಸಾಕು. ಸುತ್ತೋಲೆ ಸಂಜೆಯವರೆಗೆ ಕಾದೀತು.